ಊರೂರು ತಿರುಗಿದ ಬಿಸಿ ತೊಟ್ಟಿಲು

ಗೇಟಿನ ಕಂಬಿಗಳಿಗೆ ಸರಪಳಿ ಸುತ್ತಿ ಬೀಗ ಒತ್ತಿದ ಹೊಳಿಯಪ್ಪ, ಬೀಗದ ಕೈಯನ್ನು ಧೋತರದ ಸೆರಗಿಗೆ ಗಂಟು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತ.

“ಗೀತಾ ಸಿಸ್ಟರ್ ಬಂದು ನನ್ನ ಮುಂದ ನಿಂದರಬೇಕು. ಅಲ್ಲೀತನಕ ಈ ದವಾಖಾನ್ಯಾಗಿಂದ ಒಂದು ನರಪಿಳ್ಳಿನೂ ಹೊರಗ ಹೋಗಂಗಿಲ್ಲ. ಪೊಲೀಸ್ ಜೀಪು ಕರಸ್ತೀರಿ? ಕರಸ್ರಿ. ಮುಂದ ಏನಾತು ಅಂತ ನನ್ನ ಕೇಳಬ್ಯಾಡ್ರಿ.”

ಅವನ ಹಿಂದೆ ಊರೇ ನಿಂತಿತ್ತು. ಕೂಗಾಟವಿರಲಿಲ್ಲ. ಕೂಗಾಡುವ ಜನ ದಣಿದು ಮನೆಗೆ ಹೋಗುತ್ತಾರೆ. ಇವರು ಬುತ್ತಿ ಕಟ್ಟಿಕೊಂಡು ಬಂದಿದ್ದರು.

ಗೇಟಿನ ಒಳಗೆ ಡಾಕ್ಟರ್ ಸಹನಾ ನಿಂತಿದ್ದಳು. ಜಿಲ್ಲೆಯ ಹಳ್ಳಿ ದವಾಖಾನೆಗಳು ಹೇಗಿವೆ ಎಂದು ನೋಡಿ ಅಂಕ ಹಾಕಲು ಸರಕಾರ ಕಳಿಸಿದ್ದ ತಂಡದ ಮುಖ್ಯಸ್ಥೆ ಅವಳು. ಹಿಂದಿನ ವಾರ ಹೊಳಿಯಪ್ಪನ ಸೊಸೆ ದುರ್ಗಾದೇವಿ ಇದೇ ಮುತ್ತಲಗುಡ್ಡದ ಆರೋಗ್ಯ ಕೇಂದ್ರದಲ್ಲಿ ಹೆಣ್ಣು ಹಡೆದು, ರಕ್ತ ನಿಲ್ಲದೆ, ಆಂಬ್ಯುಲೆನ್ಸೂ ಬಾರದೆ, ಕುಷ್ಟಗಿಯ ದಾರಿಯಲ್ಲಿ ಬಾಡಿಗೆ ಟಂಟಂ ಆಟೊದಲ್ಲೇ ತೀರಿಕೊಂಡಿದ್ದಳು. ಹೆರಿಗೆ ಮಾಡಿಸಿದ ನರ್ಸ್ ಗೀತಾ ಅಂದಿನಿಂದ ಕಾಣೆ.

ಗೀತಾ ಎಲ್ಲಿದ್ದಾಳೆಂಬುದು ಒಳಗಿದ್ದವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅದು ಸಹನಾಳಿಗೆ.

ನಿನ್ನೆ ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂದಿತ್ತು. “ಮೇಡಂ ರೀ, ನಾನು ಓಡಿ ಹೋಗಿಲ್ರಿ, ಜೀವಕ್ಕ ಅಂಜಿ ಅಡಗಿ ಕುಂತೀನಿ. ಕಿನ್ನಾಳದಾಗ, ಗೊಂಬಿ ಮಾಡಾವ್ರ ಓಣ್ಯಾಗ, ಗೆಳತಿ ಖೈರುನಬಿ ಮನ್ಯಾಗ ಅದೀನಿ. ನಿಮಗೊಬ್ಬರಿಗೇ ಹೇಳೀನ್ರಿ. ನೀವ ಬರ್ರಿ, ಎಲ್ಲಾ ಹೇಳ್ತೀನಿ.” ಅಷ್ಟು ಹೇಳಿ ಹುಡುಗಿ ಫೋನ್ ಇಟ್ಟಿದ್ದಳು. ಇಲ್ಲಿನ ಕೆಲಸ ಮುಗಿಸಿ ಇವತ್ತೇ ಕಿನ್ನಾಳಕ್ಕೆ ಹೋಗುವುದೆಂದು ಸಹನಾ ಲೆಕ್ಕ ಹಾಕಿದ್ದಳು. ಆ ಲೆಕ್ಕಕ್ಕೆ ಈಗ ಸರಪಳಿ ಬಿದ್ದಿತ್ತು.

“ಮೇಡಂ, ನಿಮಗೇನಾದರೂ ಸುಳಿವು ಸಿಕ್ಕಿದೆಯೇ?” ಪಕ್ಕದಲ್ಲಿ ನಿಂತಿದ್ದ ಗೋವಿಂದರಾಜ ಮೆಲ್ಲಗೆ ಕೇಳಿದ. ಅವನು ಜಿಲ್ಲಾ ಆರೋಗ್ಯ ಕಚೇರಿ ಕೊಟ್ಟ ಅವಳ ಜೊತೆಗಾರ, ತಂಡದಲ್ಲಿದ್ದವರೇ ಇವರಿಬ್ಬರು. ವಯಸ್ಸಿನಲ್ಲಿ ಹಿರಿಯ, ಮಾತಿನಲ್ಲಿ ನಯ. ಕೊಪ್ಪಳದಿಂದ ಗಂಗಾವತಿವರೆಗೆ ಯಾವ ಊರಿಗೆ ಯಾವ ಅಡ್ಡದಾರಿ ಎಂದು ಬಲ್ಲವ. ಕಾರನ್ನೂ ತಾನೇ ಓಡಿಸುತ್ತಿದ್ದ. “ಸಿಕ್ಕಿದ್ದರೆ ಹೇಳಿ. ನಾನು ಹೋಗಿ ಕರೆತರುತ್ತೇನೆ. ಒಬ್ಬನನ್ನು ಬಿಡಲು ಇವರು ಒಪ್ಪಬಹುದು.”

ಸಹನಾ ಗೇಟಿನಾಚೆ ನೋಡಿದಳು. ಕಟ್ಟೆಯ ಕೆಳಗೆ ಯಾರೋ ಸೀಮೆಎಣ್ಣೆಯ ಡಬ್ಬಿ ತಂದಿಟ್ಟಿದ್ದರು. ಒಲೆಗೆಂದು ತಂದದ್ದಲ್ಲ ಎಂದು ಯಾರೂ ಹೇಳಬೇಕಿರಲಿಲ್ಲ.

ಅವಳು ಹೇಳಿದಳು. ಕಿನ್ನಾಳ, ಖೈರುನಬಿ, ಗೊಂಬೆ ಮಾಡುವವರ ಓಣಿ, ಎಲ್ಲವನ್ನೂ.

ಹೊಳಿಯಪ್ಪ ಬಹಳ ಹೊತ್ತು ಗೋವಿಂದರಾಜನ ಮುಖ ನೋಡಿ ಬೀಗ ತೆಗೆದ. “ನೀವು ಹೋಗಿ ಬರ್ರಿ ಸಾಹೇಬ್ರ. ಡಾಕ್ಟರ್ ಬಾಯಾರು ಇಲ್ಲೇ ಇರ್ಲಿ. ನೀವು ಬರೂತನಕ ಅವರು ನಮ್ಮ ಒತ್ತಿ.”

ಒತ್ತೆ. ಬಂಗಾರ ಇಡುವಂತೆ, ಹೊಲ ಇಡುವಂತೆ ತನ್ನನ್ನು ಇಟ್ಟುಕೊಂಡರಲ್ಲ ಎಂದು ಸಹನಾಳಿಗೆ ಅಂಥ ಹೊತ್ತಿನಲ್ಲೂ ಒಂದು ಒಣ ನಗೆ ಬಂತು. ಕಾರು ಧೂಳೆಬ್ಬಿಸಿ ಹೋಯಿತು. ಬೀಗ ಮತ್ತೆ ಬಿತ್ತು.

*

ಒಳಗೆ ಉಳಿದವರು ಮೂವರು. ಸಹನಾ, ಕೇಂದ್ರದ ವೈದ್ಯಾಧಿಕಾರಿ ಕಾಶಿನಾಥ, ಆಂಬ್ಯುಲೆನ್ಸ್ ಓಡಿಸುವ ದುರಗೇಶ.

ಕಾಶಿನಾಥ ತನ್ನ ಕೋಣೆಯಲ್ಲಿ ಕುಳಿತು ತಣ್ಣಗಾದ ಚಹಾದ ಲೋಟ ತಿರುಗಿಸುತ್ತಿದ್ದ. ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು. ದುರಗೇಶನೋ ಬೆಳಗಿನಿಂದ ಸಹನಾಳ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಅವಳು ಒಂದು ಕೋಣೆಗೆ ಬಂದರೆ ಅವನು ಇನ್ನೊಂದಕ್ಕೆ ಸರಿಯುತ್ತಿದ್ದ. ಇದ್ದದ್ದೇ ನಾಲ್ಕು ಕೋಣೆ. ಎಷ್ಟೆಂದು ಸರಿದಾನು?

ಮಧ್ಯಾಹ್ನ ಜಾರುವ ಹೊತ್ತಿಗೆ ಗೇಟಿನಲ್ಲಿ ಹೆಂಗಸೊಬ್ಬಳ ದನಿ ಕೇಳಿತು. ಹೊಳಿಯಪ್ಪನ ಹೆಂಡತಿ ಗಾಳೆಮ್ಮ. ಎದೆಗೆ ಹಳೆಯ ಸೀರೆಯ ಗಂಟೊಂದನ್ನು ಅವಚಿಕೊಂಡಿದ್ದಳು. ಗಂಟಿನಲ್ಲಿ ಅಂಗೈಯಗಲದ ಒಂದು ಮುಖ.

“ಮುಂಜಾನಿಂದ ಕೂಸು ಹಾಲು ಕುಡಿವಲ್ದು,” ಎಂದಳು. “ಅಂಗಾಲು ತಣ್ಣಗ ಆಗ್ಯಾವು. ನೀವೂ ಡಾಕ್ಟರ್ ಅಂತಲ್ರಿ? ನೋಡ್ರಿ ಒಂಚೂರು.”

ಹೊಳಿಯಪ್ಪ ಹೆಂಡತಿಯ ಮುಖ ನೋಡಲಿಲ್ಲ. “ಇದ ದವಾಖಾನ್ಯಾಗ ಅದರವ್ವ ಹೋತು. ಮತ್ತ ಇಲ್ಲೇ ಒಯ್ತೀ?”

“ಮತ್ತೆಲ್ಲಿ ಒಯ್ಲಿ? ನಿನ್ನ ತೆಲಿ ಮ್ಯಾಲ?”

ಬೀಗ ತೆರೆಯಿತು, ಗಾಳೆಮ್ಮ ಒಳಗೆ ಬಂದಳು, ಬೀಗ ಮುಚ್ಚಿತು. ಊರವರೇ ಹಾಕಿದ ಬೀಗದೊಳಗೆ ಈಗ ಊರವರದೇ ಕೂಸು.

ಸಹನಾ ಮಗುವಿನ ಪಾದ ಮುಟ್ಟಿದಳು. ಪುಷ್ಯದ ಗಾಳಿಗೆ ಹೊರಗಿಟ್ಟ ತಾಮ್ರದ ಚೊಂಬಿನಷ್ಟು ತಣ್ಣಗಿತ್ತು. ತೂಕ ಕಡಿಮೆಯ ಕೂಸು; ಮೈ ಕಾಯಿಸದಿದ್ದರೆ ಹಾಲು ಎಳೆಯುವ ತ್ರಾಣವೂ ಬಾರದು. ಅದಕ್ಕೆ ಬೇಕಾದ ಯಂತ್ರ ಹೆರಿಗೆ ಕೋಣೆಯಲ್ಲೇ ಇತ್ತು. ಹುಟ್ಟಿದ ಕೂಸಿಗೆ ಮೇಲಿನಿಂದ ಶಾಖ ಕೊಡುವ ವಾರ್ಮರ್. ಬೆಳಿಗ್ಗೆ ಅದನ್ನು ನೋಡಿಯೇ ಅವಳು ಈ ಕೇಂದ್ರಕ್ಕೆ ಒಳ್ಳೆಯ ಅಂಕ ಹಾಕಿದ್ದಳು.

“ಒಳಗ ಬರ್ರಿ ಗಾಳೆಮ್ಮ. ವಾರ್ಮರ್‌ನಾಗ ಮಲಗ್ಸೋಣ.”

ಕಾಶಿನಾಥ ದಡಕ್ಕನೆ ಎದ್ದು ಬಂದ. “ಬ್ಯಾಡ ಮೇಡಂ. ಕರೆಂಟ್ ಇಲ್ಲ.”

ಅವನ ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಸಹನಾ ಹೆರಿಗೆ ಕೋಣೆಗೆ ಹೋದಳು. ವಾರ್ಮರಿನ ವೈರು ಹಿಡಿದು ಗೋಡೆಯತ್ತ ನಡೆದಳು. ಪ್ಲಗ್ಗಿನದು ದಪ್ಪ ಪಿನ್ನು. ಗೋಡೆಯ ಸಾಕೆಟ್ಟಿನದು ಸಣ್ಣ ತೂತು. ಒಂದು ಗೋಡೆ, ಎರಡು ಗೋಡೆ, ಬಾಗಿಲ ಹಿಂದೆ. ಆ ಕೋಣೆಯಲ್ಲಿ ಎಲ್ಲಿಯೂ ಆ ಪ್ಲಗ್ಗು ಹೋಗುವ ಜಾಗವೇ ಇರಲಿಲ್ಲ.

ಈ ಯಂತ್ರ ಈ ಕೋಣೆಯಲ್ಲಿ ಒಂದು ದಿನವೂ ಉರಿದಿಲ್ಲ.

ವೈರು ಕೈಯಲ್ಲೇ ಉಳಿಯಿತು. ಮೊದಲು ಕೂಸು ಎಂದುಕೊಂಡಳು. ಗಾಳೆಮ್ಮನನ್ನು ಹಾಸಿಗೆಗೆ ಒರಗಿಸಿ, ಕೂಸಿನ ಬಟ್ಟೆ ಬಿಚ್ಚಿ, ಅಜ್ಜಿಯ ಬರಿ ಎದೆಗೆ ಬರಿ ಮೈ ತಾಗುವಂತೆ ಮಲಗಿಸಿ, ಮೇಲೆ ಎರಡು ಕಂಬಳಿ ಹೊದಿಸಿದಳು. “ಹಿಂಗ ಹಿಡಕೊಂಡಿರ್ರಿ. ನಿಮ್ಮ ಮೈಕಾವು ಇದಕ್ಕ ಬರ್ಲಿ. ಬಿಡಬ್ಯಾಡ್ರಿ.”

“ಆ ಬಿಸಿ ತೊಟ್ಟಿಲ ಯಾಕ ಬ್ಯಾಡಂದ್ರಿ?” ಗಾಳೆಮ್ಮ ಕೇಳಿದಳು.

 ಸಹನಾ ಆಗಲೇ ವಾರ್ಮರಿನ ಪಕ್ಕ ಮೊಣಕಾಲೂರಿ ಕುಳಿತಿದ್ದಳು.

ಚಕ್ರಗಳ ಸಂದಿಯಲ್ಲಿ ಒಣಗಿದ ಮಣ್ಣು ಮೆತ್ತಿತ್ತು. ಉಗುರಿನಿಂದ ಕೆರೆದಳು. ಕಪ್ಪು ಮಣ್ಣು, ಎರೆಯದು. ಮುತ್ತಲಗುಡ್ಡದ ಸುತ್ತ ಹರಿದಾರಿ ಅಲೆದರೂ ಕೆಂಪು ಮಸಾರಿಯೇ ಹೊರತು ಎರೆ ಸಿಗದು. ಎರೆ ಎಂದರೆ ಯಲಬುರ್ಗಾದ ಕಡೆ. ಅವಳ ಕಣ್ಣು ಯಂತ್ರದ ಬದಿಗಿದ್ದ ಪ್ಲಾಸ್ಟಿಕ್ ತಡಿಕೆಯ ಮೇಲೆ ಹೋಯಿತು. ಒಂದು ಮೂಲೆ ಶಾಖಕ್ಕೆ ಕರಗಿ ಬಾಗಿತ್ತು. ಬಾಗಿದಲ್ಲಿಗೆ ಗಾಯದ ಪಟ್ಟಿ ಅಂಟಿಸಿ, ಪಟ್ಟಿಯ ಮೇಲೆ ಯಾವುದೋ ಮಗುವಿನ ತಾಯಿ ಬೇಸರಕ್ಕೆ ಬರೆದ ಗಿಣಿ.

ಈ ಗಿಣಿಯನ್ನು ಅವಳು ಮೊದಲೂ ಕಂಡಿದ್ದಳು.

ಫೋನ್ ತೆಗೆದಳು. ಹೋದ ಕಡೆಯೆಲ್ಲ ಕೋಣೆ ಕೋಣೆಯ ಫೋಟೋ ತೆಗೆಯುವುದು ಅವಳ ಕೆಲಸದ ಭಾಗ. ಹಿಂದಿನ ಸೋಮವಾರ ಯಲಬುರ್ಗಾ ಕಡೆಯ ಒಂದು ಕೇಂದ್ರದ ಹೆರಿಗೆ ಕೋಣೆ. ಬೇರೆ ಗೋಡೆ, ಬೇರೆ ಕಿಟಕಿ, ಬೇರೆ ನರ್ಸು. ಅದೇ ಕರಗಿದ ಮೂಲೆ. ಅದೇ ಪಟ್ಟಿ. ಅದೇ ಗಿಣಿ.

ದೇವರ ಪಲ್ಲಕ್ಕಿಯಂತೆ ಈ ಯಂತ್ರ ಊರೂರು ತಿರುಗುತ್ತಿತ್ತು. ಅವಳು ಹೋಗುವ ಊರಿಗೆ ಅವಳಿಗಿಂತ ಮುಂಚೆ.

*

“ದುರಗೇಶ,” ಅವಳು ಕರೆದಳು. “ಒಳಗ ಬಾ. ಬಾಗಲಾ ಮುಂದ ಮಾಡು.”

ಅವನು ಬಂದ. ಹಿಂದೆಯೇ ಕಾಶಿನಾಥನೂ ಬಂದ. ಅಷ್ಟಗಲದ ಹೆರಿಗೆ ಕೋಣೆ. ಹಾಸಿಗೆಯಲ್ಲಿ ಗಾಳೆಮ್ಮ, ಅವಳೆದೆಯ ಮೇಲೆ ಕೂಸು, ನಡುವೆ ಆ ಯಂತ್ರ. ರಸ್ತೆ ಬದಿಯ ಕಿಟಕಿಯಾಚೆ ಕಾದು ಕುಳಿತ ಜನರ ಕೆಮ್ಮು ಕೇಳುತ್ತಿತ್ತು.

“ದುರ್ಗಾದೇವಿಗೆ ರಗತ ಹೋಗೋ ಹೊತ್ನ್ಯಾಗ ನೀನು ಎಲ್ಲಿದ್ದಿ?”

“ಮುಂಜಾನೆ ಹೇಳಿದೆಲ್ರಿ ಮೇಡಂ. ನವಲಿ ಕಡಿ ಒಬ್ಬಾಂವಗ ಹಾವು ಕಡಿದಿತ್ರಿ. ಅಂವನ್ನ ಗಂಗಾವತಿಗೆ ಒಯ್ದಿದ್ದೆ.”

“ನಾನು ಗಂಗಾವತಿಯಾಗ ಹುಟ್ಟಿ ಬೆಳೆದಾಕಿ. ನವಲ್ಯಾಗ ಹಾವು ಕಡಿದ್ರ ಕಾಲುವಿ ದಾರಿ ಹಿಡಿದು ಸೀದಾ ಗಂಗಾವತಿಗೆ ಬರ್ತಾರ. ಮುತ್ತಲಗುಡ್ಡದ ಗಾಡಿ ಬರ್ಲಿ ಅಂತ ಕಾಯ್ಕೊಂತ ಕುಂಡ್ರತಾರೇನು?”

ದುರಗೇಶ ನೆಲ ನೋಡಿದ.

“ಗಾಡ್ಯಾಗ ಮನಷಾ ಇದ್ದಿಲ್ಲ. ಇದಿತ್ತು.” ಸಹನಾ ವಾರ್ಮರಿನ ಮೇಲೆ ಕೈಯಿಟ್ಟಳು. “ಹೌದೋ ಅಲ್ಲೋ?”

“ಮೇಡಂ,” ಕಾಶಿನಾಥ ನಡುವೆ ಬಂದ. ದನಿ ತಗ್ಗಿಸಿ, ಕಿಟಕಿಯತ್ತ ಕಣ್ಣು ಹಾಯಿಸಿ, “ದಯವಿಟ್ಟು ಮೆಲ್ಲಕ ಮಾತಾಡ್ರಿ. ನನ್ನ ಕೇಳ್ರಿ, ನಾ ಹೇಳ್ತೀನಿ. ಅಂವ ಗಾಡಿ ಓಡಸಾಂವ, ಹೇಳಿದ್ದು ಮಾಡ್ಯಾನ.”

“ಹಂಗಾರ ನೀವ ಹೇಳ್ರಿ.”

ಕಾಶಿನಾಥ ಗೋಡೆಗೆ ಒರಗಿದ. ಇಷ್ಟು ದಿನ ಹೊತ್ತ ಹೊರೆಯನ್ನು ಇಳಿಸಲು ಜಾಗ ಸಿಕ್ಕವನಂತೆ ಒಮ್ಮೆ ಉಸಿರು ಬಿಟ್ಟ.

“ನಾ ಇಲ್ಲಿಗೆ ಬಂದ ವರ್ಷದಿಂದ ಈ ಮಷೀನು ಕೊಡ್ರಿ ಅಂತ ಕೇಳಾಕತ್ತೀನಿ. ಪ್ರತಿ ಸಲ ನಿಮ್ಮಂಥವರು ಬರ್ತೀರಿ. ‘ವಾರ್ಮರ್ ಇಲ್ಲ’ ಅಂತ ಬರ್ಕೊಂಡು ಹೋಗ್ತೀರಿ. ಮಷೀನು ಬರಂಗಿಲ್ಲ. ನೋಟಿಸು ಬರ್ತೈತಿ. ‘ನಿಮ್ಮ ಕೇಂದ್ರಕ್ಕ ಯಾಕ ಕಡಿಮಿ ಅಂಕ ಬಂತು?’ ಅಂತ. ಬಾಜು ಕೇಂದ್ರದವ್ರದೂ ಇದ ಹಾಡು. ಆಮ್ಯಾಲ ಎಲ್ಲಾರೂ ಕೂಡಿ ಒಂದು ದಾರಿ ಮಾಡ್ಕೊಂಡ್ವಿ. ಗಂಗಾವತಿ ಕಡೆ ಒಂದು ಕೇಂದ್ರದಾಗ ಒಂದು ಇತ್ತು. ನೀವು ಯಾವ ಊರಿಗೆ ಬರ್ತೀರೋ, ಆ ಊರಿಗೆ ಅದು ಹೋಗೋದು.”

“ಆಂಬ್ಯುಲೆನ್ಸಿನ್ಯಾಗ.”

“ಇಷ್ಟು ದೊಡ್ಡದು ಮತ್ತ್ಯಾವುದ್ರಾಗ ಹಿಡೀತೈತ್ರಿ? ಸ್ಟ್ರೆಚರ್ ತೆಗೆದಿಟ್ಟು ಏರಿಸ್ತಿದ್ವಿ.”

ಸಹನಾಳಿಗೆ ಈಗ ಲೆಕ್ಕ ತಾನಾಗಿಯೇ ಕೂಡಿಬಂತು. ದುರ್ಗಾದೇವಿ ಸತ್ತದ್ದು ಭಾನುವಾರ. ಸೋಮವಾರ ತಾನು ಯಲಬುರ್ಗಾ ಕಡೆ ಹೋದದ್ದು. ಭಾನುವಾರ ಈ ಯಂತ್ರ ದಾರಿಯಲ್ಲಿತ್ತು. ಬಾಣಂತಿ ಮಲಗಬೇಕಾದ ಜಾಗದಲ್ಲಿ ಮಲಗಿ, ತನ್ನ ಕಣ್ಣಿಗೆ ಬೀಳುವುದಕ್ಕಾಗಿ ಹೋಗುತ್ತಿತ್ತು.

ತಾನು ಬರುತ್ತೇನೆಂದೇ ಆ ಹೆಣ್ಣು ಸತ್ತಳು.

ಕೋಣೆಯ ಗೋಡೆಗಳು ಹತ್ತಿರ ಹತ್ತಿರ ಬಂದಂತಾಯಿತು. ಗೇಟಿನ ಬೀಗ ಒಂದು ಬೀಗವೇ ಅಲ್ಲ, ಅದನ್ನು ಯಾರಾದರೂ ಒಡೆದಾರು. ಇದನ್ನು ಯಾರು ತೆಗೆಯಬೇಕು?

“ಈ ತೊಟ್ಟಿಲ ಸಲುವಾಗಿ ಏನ್ರಿ?”

ಮೂವರೂ ಬೆಚ್ಚಿ ತಿರುಗಿದರು. ಗಾಳೆಮ್ಮ ಕಂಬಳಿಯೊಳಗಿಂದ ಆ ಯಂತ್ರವನ್ನೇ ನೋಡುತ್ತಿದ್ದಳು. ಅವಳು ಅಲ್ಲಿರುವುದನ್ನು ಎಲ್ಲರೂ ಮರೆತಿದ್ದರು.

“ನಮ್ಮ ದುರ್ಗವ್ವ ‘ಅತ್ತಿ, ಕಣ್ಣು ಕತ್ತಲಿ ಬರಾಕತ್ತಾವು’ ಅಂತ ನನ್ನ ಕೈ ಹಿಡಕೊಂಡಿದ್ಲು. ಗೀತಾ ಅಳಕೋಂತ ಫೋನ್ ಮಾಡಾಕತ್ತಿದ್ಲು. ಗಾಡಿ ಬರ್ತೈತಿ, ಗಾಡಿ ಬರ್ತೈತಿ ಅಂತ ನಾ ಹೇಳ್ಕೊಂತ ಕುಂತೆ. ಗಾಡಿ ಇದನ್ನ ಹೊತಗೊಂಡು ಹೊಂಟಿತ್ತು?”

 ಗಾಳೆಮ್ಮ ಕೂಗಿ ಹೇಳಿದರೆ ಒಂದು ಮಾತು ಸಾಕಿತ್ತು. ಕಿಟಕಿಯಾಚೆ ಊರಿತ್ತು, ಡಬ್ಬಿಯಿತ್ತು.

ದುರಗೇಶ ಕುಸಿದು ಕುಳಿತ. ದೊಡ್ಡ ಮೈಯ ಗಂಡಸು, ಕೂಸಿನಂತೆ ಬಿಕ್ಕಿದ.

“ಯವ್ವಾ, ನಾನು ಗಾಡಿ ತಿರುಗಿಸಿದ್ದೆ. ನಿನ್ನ ಮೊಮ್ಮಗಳ ಆಣಿ, ತಿರುಗಿಸಿದ್ದೆ. ಕುಷ್ಟಗಿ ದಾಟಿದ್ದಿಲ್ಲ, ಇಲ್ಲೇ ಹಂತ್ಯಾಕ ಇದ್ದೆ. ಗೀತಕ್ಕನ ಫೋನು ಬಂದ ಕೂಡ್ಲೆ ಮಷೀನು ರಸ್ತಾ ಬಾಜೂಕ ಇಳಿಸಿ ಬರ್ತೀನಿ ಅಂದೆ. ಬಿಡ್ಲಿಲ್ಲ.”

“ಯಾರು ಬಿಡ್ಲಿಲ್ಲ?” ಸಹನಾ ಕೇಳಿದಳು.

“ಮುಂದಿನ ಸೀಟಿನ್ಯಾಗ ಕುಂತಿದ್ರಲ್ರಿ. ನನ್ನ ಕೈಯಾಗಿನ ಫೋನ್ ಕಸಗೊಂಡು ತಾವ ಮಾತಾಡಿದ್ರು. ‘ಗಾಡಿ ದೂರ ಐತಿ, ಬರಾಕ ಆಗಂಗಿಲ್ಲ, ಬ್ಯಾರೆ ಗಾಡಿ ನೋಡ್ಕೋರಿ’ ಅಂತ ಗೀತಕ್ಕಗ ಹೇಳಿದ್ರು. ಆಕಿ ‘ನೀವ್ಯಾರು’ ಅಂತ ಕೇಳಿದ್ಲು. ಫೋನ್ ಆಫ್ ಮಾಡಿ ಕಿಸೆದಾಗ ಇಟ್ಕೊಂಡ್ರು.”

ಕಾಶಿನಾಥ ಅವನತ್ತ ತಿರುಗಿದ. “ಇದನ್ನ ನನಗ ಹೇಳಿಲ್ಲಲ್ಲೋ ನೀನು! ಫೋನ್ ಹತ್ತಲಿಲ್ಲ ಅಂದಿದ್ದಿ.”

“ಹೇಳಿದ್ರ ನೌಕರಿ ಹೋಗ್ತೈತಿ ಅಂದ್ರು ಸರ. ಜೈಲಿಗೆ ನೀನ ಹೋಗ್ತೀ, ಸ್ಟೇರಿಂಗ್ ನಿನ್ನ ಕೈಯಾಗಿತ್ತು ಅಂದ್ರು.”

“ದುರಗೇಶ. ಯಾರು?”

ಕೇಳುವಾಗಲೇ ಅವಳಿಗೆ ಗೊತ್ತಿತ್ತು. ಮುಂದೆ ಯಾವ ಊರು ಎಂದು ಅವಳು ತೀರ್ಮಾನಿಸುತ್ತಿದ್ದುದು ಎರಡು ದಿನ ಮುಂಚೆ, ಕೊಪ್ಪಳದ ವಸತಿಗೃಹದ ವರಾಂಡದಲ್ಲಿ ಕುಳಿತು. ಹೇಳುತ್ತಿದ್ದುದು ಒಬ್ಬನಿಗೆ. ಆ ಭಾನುವಾರ ತಾನು ಹನುಮನಹಳ್ಳಿಗೆ ಹೋಗಿ ಅಂಜನಾದ್ರಿ ಹತ್ತಿ ಬಂದೆನೆಂದು ಅವನು ಅವಳಿಗೂ ಒಂದಿಷ್ಟು ಪ್ರಸಾದ ಕೊಟ್ಟಿದ್ದ.

“ನಿಮ್ಮ ಗೋವಿಂದರಾಜ ಸಾಹೇಬ್ರ ರೀ,” ಎಂದ ದುರಗೇಶ. “ಜಿಲ್ಲಾಕ್ಕ ಮೊದಲನೇ ನಂಬರ್ ಬರಬೇಕು, ಬಂದ್ರ ನನಗ ಬಡ್ತಿ ಐತಿ ಅಂತಿದ್ರು.”

“ಅಂವ ಗೇಟಿನ್ಯಾಗ ನಿಂತಾಗ ಯಾಕ ಬಾಯಿ ಬಿಡ್ಲಿಲ್ಲ ನೀನು? ಅಂವ ಹೊರಗ ಹೋಗೋ ಮುಂದ?”

ದುರಗೇಶ ಮುಖವೆತ್ತಿ ಅವಳನ್ನು ನೋಡಿದ. ಬೆಳಗಿನಿಂದ ಮೊದಲ ಸಲ.

“ನೀವಿಬ್ರೂ ಒಂದ ಅಂತ ತಿಳ್ಕೊಂಡಿದ್ದೆ ರೀ.”

*

ಆ ಮಾತು ಸಹನಾಳಿಗೆ ನಾಟಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು.

ಆ ಭಾನುವಾರ ಫೋನಿನಲ್ಲಿ ಗೋವಿಂದರಾಜನ ದನಿಯನ್ನು ಕೇಳಿದವಳು ಗೀತಾ ಒಬ್ಬಳೇ. ಹೆಸರು ಗೊತ್ತಿಲ್ಲದಿದ್ದರೂ ದನಿ ಗೊತ್ತು. ಅಂಥವಳು ಎಲ್ಲಿ ಅಡಗಿದ್ದಾಳೆಂದು, ಯಾವ ಓಣಿ ಎಂದು, ಯಾರ ಮನೆ ಎಂದು ಅವನ ಕೈಗೆ ಇಟ್ಟವಳು ತಾನೇ.

ನಿನ್ನೆ ಬಂದ ನಂಬರಿಗೆ ಫೋನ್ ಮಾಡಿದಳು. 

“ಯಾರ್ರಿ?” ಹೆಂಗಸಿನ ದನಿ. ಖೈರುನಬಿ.

“ನಾನು ಡಾಕ್ಟರ್ ಸಹನಾ. ಗೀತಾ ಎಲ್ಲಿ ಅದಾಳ? ಆಕಿಗೆ ಫೋನ್ ಕೊಡ್ರಿ, ಜಲ್ದಿ.”

“ಅಯ್ಯ, ಆಗಲೇ ಹೋದಳಲ್ರಿ! ನಿಮ್ಮ ಸಾಹೇಬ್ರ ಕಾರಿನ್ಯಾಗ. ನೀವ ಕಳಿಸೀರಿ ಅಂತ ತೋರ್ಸಿದ್ರಲ್ಲ?”

“ತೋರ್ಸಿದ್ರು ಅಂದ್ರ?”

“ಅವರಿಗೆ ಗಂಟಲಾ ಕಟ್ಟೇತಂತ ರೀ. ಒಂದು ಮಾತೂ ಆಡ್ಲಿಲ್ಲ. ಫೋನಿನ್ಯಾಗ ಟೈಪ್ ಮಾಡಿ ತೋರ್ಸಿದ್ರು, ಸಹನಾ ಮೇಡಂ ಕರೆಯಾಕತ್ಯಾರ ಅಂತ. ಚಹಾ ಕೊಟ್ರೂ ಬ್ಯಾಡ ಅಂತ ಕೈ ಮಾಡಿದ್ರು. ಗೀತಾ ಪಾಪ, ನಿಮ್ಮ ಹೆಸರು ನೋಡಿದ್ದ ತಡ, ಚಪ್ಪಲಿ ಮೆಟ್ಟಿ ಹೊಂಟ ಬಿಟ್ಲು. ಯಾಕ್ರೀ? ಇನ್ನೂ ಬಂದಿಲ್ಲೇನು? ಇಷ್ಟೊತ್ತಿಗೆ ಬರಬೇಕಿತ್ತಲ್ರಿ!”

ಬೆಳಿಗ್ಗೆ ಕಾರಿನಲ್ಲಿ ದಾರಿಯುದ್ದಕ್ಕೂ ಮಾತಾಡುತ್ತ ಬಂದ ಮನುಷ್ಯ. ಅವನ ಗಂಟಲಿಗೆ ಏನೂ ಆಗಿರಲಿಲ್ಲ.

ಸಹನಾ ಫೋನ್ ಇಳಿಸಿದಳು. ಕಾಶಿನಾಥ ಅವಳ ಮುಖ ಓದಿ ಬಾಗಿಲ ಚಿಲಕ ಹಾಕಿದ. ಯಾರಿಂದ ಕಾಪಾಡಿಕೊಳ್ಳಲೆಂದು ಹಾಕಿದನೋ, ಅವನಿಗೂ ಗೊತ್ತಿರಲಿಲ್ಲ.

ಹಾಸಿಗೆಯ ಮೇಲೆ ಗಾಳೆಮ್ಮ ಅಲುಗಲಿಲ್ಲ. ಅಲುಗಿದರೆ ಕೂಸಿಗೆ ಗಾಳಿ ತಾಗುತ್ತಿತ್ತು. ಮಲಗಿದಲ್ಲಿಂದಲೇ ಮಾತಾಡಿದಳು, ಹೊಲದ ತಕರಾರಿಗೆ ತೀರ್ಮಾನ ಹೇಳುವ ಹಿರಿಯಳಂತೆ.

“ಡಾಕ್ಟರ್ ಬಾಯಾರ, ನಾ ಈಗ ಕೂಗಿದ್ರ ಈ ಇಬ್ರನ್ನೂ ಮಂದಿ ಉಳಸಂಗಿಲ್ಲ. ನಿಮ್ಮನ್ನೂ ಉಳಸಂಗಿಲ್ಲ. ನಾ ಕೂಗಂಗಿಲ್ಲ. ಇನ್ನೊಂದು ಹೆಣ ನನಗ ಬ್ಯಾಡ. ಗೀತಾ ಬರ್ಲಿ. ಆಕಿ ಬಾಯಿಲೆ ನಾ ಖರೇ ಕೇಳ್ತೀನಿ. ಆಮ್ಯಾಲ ನನ್ನ ಗಂಡನ ಧೋತರದಾಗಿನ ಗಂಟು ನಾನ ಬಿಚ್ಚತೀನಿ.” ಉಸಿರು ತೆಗೆದುಕೊಂಡಳು. “ಆದ್ರ ಗೀತಾ ಬರಬೇಕು.”

ಕಂಬಳಿಯೊಳಗೆ ಕೂಸು ಬಾಯಿ ಮಿಸುಕಿಸಿತು. ಸಹನಾ ಬಗ್ಗಿ ಪಾದ ಮುಟ್ಟಿದಳು. ತುಸು ಬೆಚ್ಚಗಿತ್ತು. ಚಮಚೆಯಿಂದ ಹಾಲು ಹನಿಸಿದಾಗ ಗುಟುಕರಿಸಿತು. ಆ ಇಡೀ ದಿನದಲ್ಲಿ ಅವಳ ಕೈಯಿಂದ ಆದ ಒಳ್ಳೆಯ ಕೆಲಸ ಅದೊಂದೇ.

ಹೊರಗೆ ಬಿಸಿಲು ಬಾಗಿತ್ತು. ಹೊಳಿಯಪ್ಪನ ದನಿ ಕಿಟಕಿಗೆ ಬಂತು. “ಬಾಯಾರ! ಸಾಹೇಬ್ರು ಎಲ್ಲೀತನ ಬಂದ್ರು? ಫೋನ್ ಹಚ್ಚಿ ಕೇಳ್ರಿ!”

ಉಳಿದಿದ್ದ ದಾರಿಯೂ ಅದೇ. ಅವಳು ಗೋವಿಂದರಾಜನ ನಂಬರು ಒತ್ತಿದಳು. ಒಂದೇ ರಿಂಗಿಗೆ ಎತ್ತಿದ.

“ಹೇಳಿ ಮೇಡಂ.”

ಶುದ್ಧವಾದ, ನಯವಾದ, ಸ್ವಚ್ಛವಾದ ದನಿ.

 ಕಿನ್ನಾಳದಲ್ಲಿ ಒಂದು ಮಾತೂ ಆಡದೆ ಬಾಯಿ ಹೊಲಿದುಕೊಂಡಿದ್ದವನು ಈಗ ದನಿಯೆತ್ತಿ ಮಾತಾಡುತ್ತಿದ್ದಾನೆ. ಅಂದರೆ ಅದನ್ನು ಕೇಳಿ ಗುರುತು ಹಿಡಿಯುವವಳು ಕಾರಿನಲ್ಲಿಲ್ಲ. ಇಲ್ಲವೇ ಇದ್ದೂ, ಗುರುತು ಹಿಡಿದರೆ ಏನಾದೀತು ಎಂಬ ಚಿಂತೆ ಅವನಿಗೆ ಈಗಿಲ್ಲ.

“ಗೀತಾ ಎಲ್ಲಿ?”

ಆ ಕಡೆ ದೊಡ್ಡದಾಗಿ ನೀರು ಬೀಳುವ ಸದ್ದು. ಕಾಲುವೆಯ ತೂಬಿನ ಸದ್ದು; ಗಂಗಾವತಿಯ ಹುಡುಗಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಿನ್ನಾಳದಿಂದ ಮುತ್ತಲಗುಡ್ಡದ ದಾರಿಯಲ್ಲಿ ಕಾಲುವೆಯೇ ಇಲ್ಲ.

“ದುರಗೇಶ ಬಾಯಿ ಬಿಟ್ಟಿದ್ದಾನೆ ಎಂದು ನಿಮ್ಮ ದನಿಯಲ್ಲೇ ತಿಳಿಯುತ್ತದೆ,” ಎಂದ ಗೋವಿಂದರಾಜ. ಗದರಿಕೆಯಿಲ್ಲ, ಅವಸರವಿಲ್ಲ. “ನೀವು ಬುದ್ಧಿವಂತರು. ಕೇಳಿ. ಗೇಟಿನ ಹತ್ತಿರ ಹೋಗಿ. ಕಿನ್ನಾಳದಲ್ಲಿ ಗೀತಾ ಸಿಗಲಿಲ್ಲ, ಅಲ್ಲಿಂದಲೂ ಓಡಿಹೋಗಿದ್ದಾಳೆ ಎಂದು ನಿಮ್ಮ ಬಾಯಿಂದಲೇ ಹೇಳಿ. ನೀವು ಹೇಳಿದರೆ ಊರು ನಂಬುತ್ತದೆ. ಹಾಗೆ ಹೇಳಿದಿರೋ, ನಾಳೆ ನಾಳಿದ್ದರಲ್ಲಿ ಎಲ್ಲಾದರೂ ಆಕೆ ಸಿಗಬಹುದು. ಹೇಳಲಿಲ್ಲವೋ…”

ನೀರಿನ ಸದ್ದು ಒಮ್ಮೆಲೇ ಹತ್ತಿರವಾಯಿತು. ಫೋನನ್ನು ಅವನು ತೂಬಿನ ಕಡೆಗೆ ಚಾಚಿದ್ದ.

“ಲೈನಿನಲ್ಲೇ ಇರುತ್ತೇನೆ ಮೇಡಂ. ನೀವು ಹೇಳುವುದು ನನಗೆ ಕೇಳಿಸಬೇಕು.”

ಕಿಟಕಿಯ ಕಂಬಿಗಳಿಗೆ ಹೊಳಿಯಪ್ಪನ ಮುಖ ಒತ್ತಿತು. ಹಿಂದೆ ಇನ್ನೂ ಹತ್ತಾರು ಮುಖಗಳು.  ಕಾಶಿನಾಥ ಗೋಡೆಗೆ ಅಂಟಿದ್ದ. ಸಹನಾಳ ಕೈಯಲ್ಲಿ ಫೋನು ಬಿಸಿಯಾಗಿತ್ತು.

ಗಾಳೆಮ್ಮ ಕೂಸಿನ ತಲೆಯ ಮೇಲೆ ಕೈಯಿಟ್ಟು, ಸಹನಾಳ ಮುಖವನ್ನೇ ನೋಡುತ್ತ ಕೇಳಿದಳು:

“ಏನಂದ್ರಿ ಸಾಹೇಬ್ರು? ಗೀತಾ ಬರಾಕತ್ಯಾಳೇನ್ರಿ?”